ಮರಿ ಗಂಡೋ, ಹೆಣ್ಣೋ?

ಹಿಂಗಾರಿ ಜೋಳದ ರಾಶಿಯಾಗಿ ಚೀಲಗಳು ಮನೆಗೆ ಬಂದವೆಂದರೆ ಅವುಗಳ ಹಿಂದೆಯೇ ಇಲಿಯೂ ಬರುತ್ತದೆ. ತಿಕೋಟಾ ತಾಲ್ಲೂಕಿನ ಕನಮಡಿಯಂಥ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಸಮೀಪದ ಈ ಸೀಮೆಯಲ್ಲಿ ದ್ರಾಕ್ಷಿ, ದಾಳಿಂಬೆ ಎಷ್ಟೇ ಬೆಳೆಯಲಿ, ಊಟದ ತಾಟಿನಲ್ಲಿ ರೊಟ್ಟಿ ತಪ್ಪಿಲ್ಲ. ರೊಟ್ಟಿ ಬಡಿಯುವ ಮನೆಯಲ್ಲಿ ಜೋಳದ ಚೀಲ ತಪ್ಪಿಲ್ಲ. ನೆಲದೊಳಗಿನ ಹಗೇವು ಹೋಗಿ ಪ್ಲಾಸ್ಟಿಕ್ ಚೀಲ ಬಂದ ಮೇಲಂತೂ ಇಲಿಗೆ ನೆಲ ಕೊರೆಯುವ ಶ್ರಮವೂ ಉಳಿದಿದೆ.

ಬೆಕ್ಕು ಸಾಕುವ ಮಾತು ಏಳುವುದು ಇಂಥ ಹೊತ್ತಿನಲ್ಲೇ. ಶಾಲೆ ಬಿಟ್ಟು ಬರುವ ಹುಡುಗಿ ಗೆಳತಿಯ ಮನೆಯಿಂದ ಪಾಟಿಚೀಲದಲ್ಲಿ ಒಂದು ಮರಿಯನ್ನು ಇಟ್ಟುಕೊಂಡು ಬರುತ್ತಾಳೆ. ಮರಿ ಇನ್ನೂ ಚೀಲದಿಂದ ಪೂರ್ತಿ ತಲೆ ಹೊರಗೆ ಹಾಕಿರುವುದಿಲ್ಲ, ಅಡುಗೆ ಮನೆಯಿಂದ ಮಾತು ಬರುತ್ತದೆ: “ಹೆಣ್ಣ ಐತ್ಯೋ ಗಂಡ ಐತ್ಯೋ ಮೊದಲ ನೋಡು. ಹೆಣ್ಣ ಇದ್ರ ಎಲ್ಲಿಂದ ತಂದಿ ಅಲ್ಲೇ ಬಿಟ್ಟ ಬಾ.”

“ಹೆಣ್ಣ ಯಾಕ ಬ್ಯಾಡಬೇ ಯವ್ವಾ?”

ಮಾತು ಬೆಕ್ಕಿನದು. ಆದರೆ ಕೇಳುವ ಕಿವಿ ಹತ್ತು ವರ್ಷದ ಮಗಳದು. ಆ ಪ್ರಶ್ನೆಗೆ ಸಿಗುವ ಉತ್ತರ ಬೆಕ್ಕಿಗಷ್ಟೇ ನಿಲ್ಲುತ್ತದೆಂದು ತಾಯಿ ತಂದೆಯರು ನಂಬಿಕೊಂಡಿರಬಾರದು.

ಹಾಗೆಂದು ತಾಯಿಯ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಬೆಕ್ಕು ಚೀಲಗಳ ಸಂದಿಯಲ್ಲಿ ಮರಿ ಹಾಕಿದಾಗ ಬಳಿದು ತೊಳೆಯುವವಳು ಅವಳು. ‘ಏಳು ಮನೆ ತಿರುಗಿಸುತ್ತದೆ’ ಎಂಬ ಮಾತಿನಂತೆ ಅದು ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅಟ್ಟದಿಂದ ಹಾಸಿಗೆಗೆ, ಹಾಸಿಗೆಯಿಂದ ದೇವರ ಮನೆಗೆ ಸಾಗಿಸುವಾಗ ಹಿಂದೆ ಓಡುವವಳೂ ಅವಳೇ. ಮರಿಗಳನ್ನು ಯಾರಿಗೆ ಕೊಡುವುದು ಎಂಬ ಚಿಂತೆಯೂ ಅವಳ ತಲೆಗೇ. ಆದ್ದರಿಂದ ‘ಗಂಡು ಸಾಕು, ಹೆಣ್ಣು ಬೇಡ’ ಎಂಬುದು ಅನುಭವದಿಂದ ಬಂದ ತೀರ್ಪು. ಆ ಅನುಭವದ ಲೆಕ್ಕದಲ್ಲಿ ಒಂದೆರಡು ಅಂಕಿ ತಪ್ಪಿವೆ, ಅಷ್ಟೇ.

ವಿಸರ್ಗದ ಪರೀಕ್ಷೆ

ಮೊದಲ ತಪ್ಪು, ಗಂಡೆಂದು ತಂದದ್ದು ಅನೇಕ ಸಲ ಗಂಡೇ ಆಗಿರುವುದಿಲ್ಲ. ‘ರಾಜಾ’ ಎಂದು ಹೆಸರಿಟ್ಟು, ಆರೇಳು ತಿಂಗಳು ರಾಜಾ ರಾಜಾ ಎಂದು ಕರೆದ ಮೇಲೆ ರಾಜಾ ಒಂದು ದಿನ ಮೂಲೆಯಲ್ಲಿ ನಾಲ್ಕು ಮರಿ ಹಾಕಿಕೊಂಡು ಮಲಗಿರುವುದು ಹೊಸ ಕಥೆಯೇನಲ್ಲ. ಹುಟ್ಟಿದ ಹೊಸತರಲ್ಲಿ ಬೆಕ್ಕಿನ ಮರಿಯ ಲಿಂಗ ಗುರುತಿಸುವುದು ಕಷ್ಟ. ಗಂಡಿನ ಬೀಜಗಳು ಆಗ ಕಣ್ಣಿಗೆ ಬೀಳುವಷ್ಟು ದೊಡ್ಡವಿರುವುದಿಲ್ಲ. ಹೊಟ್ಟೆಯ ಮೇಲೆ ಮೊಲೆತೊಟ್ಟು ಕಂಡವೆಂದು ಹೆಣ್ಣೆಂದು ತೀರ್ಮಾನಿಸುವವರೂ ಉಂಟು. ಮೊಲೆತೊಟ್ಟು ಗಂಡಿಗೂ ಇರುತ್ತವೆ.

ಆರರಿಂದ ಎಂಟು ವಾರದ ಹೊತ್ತಿಗೆ ಕೆಲಸ ಸುಲಭ. ಮರಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲಿಸಿ, ಬಾಲವನ್ನು ಜಗ್ಗದೆ ಮೆಲ್ಲಗೆ ಎತ್ತಿ ನೋಡಬೇಕು. ಮೇಲಿರುವುದು ಗುದದ್ವಾರ, ಅದು ಎರಡಕ್ಕೂ ಒಂದೇ. ಕೆಳಗಿನ ಗುರುತು ದುಂಡಗಿದ್ದು, ಎರಡರ ನಡುವೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗವಿದ್ದರೆ ಗಂಡು. ಕನ್ನಡ ಮಾಲೆಯ ವಿಸರ್ಗವನ್ನು ನೆನಪಿಸಿಕೊಂಡರೆ ಸಾಕು, ಒಂದರ ಕೆಳಗೊಂದು ಎರಡು ಸೊನ್ನೆ. ಹೆಣ್ಣಿನಲ್ಲಿ ಕೆಳಗಿನದು ಸೊನ್ನೆಯಲ್ಲ, ಉದ್ದನೆಯ ಸೀಳುಗೆರೆ. ನಡುವಿನ ಅಂತರವೂ ಗಂಡಿನದರ ಅರ್ಧದಷ್ಟೇ. ಆಶ್ಚರ್ಯಸೂಚಕ ಚಿಹ್ನೆಯನ್ನು ತಲೆಕೆಳಗಾಗಿ ಬರೆದಂತೆ ಕಾಣುತ್ತದೆ. ಒಂದೇ ಮರಿಯನ್ನು ನೋಡಿ ಹೇಳುವುದಕ್ಕಿಂತ ಒಡಹುಟ್ಟಿದ ಮರಿಗಳನ್ನು ಪಕ್ಕಪಕ್ಕದಲ್ಲಿ ನೋಡಿದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ಬಾಲ ಎತ್ತದೆಯೇ ಹೇಳಬಹುದಾದ ಒಂದು ಗುರುತೂ ಇದೆ. ಅದು ಬಣ್ಣ. ಕಪ್ಪು, ಕೆಂಚು, ಬಿಳಿ ಮೂರೂ ಬಣ್ಣದ ಮಚ್ಚೆಗಳಿರುವ ಬೆಕ್ಕು ಕಂಡರೆ ಅದು ಹೆಣ್ಣೆಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವರಿಗೆ ಇದರ ಕಾರಣ ಮನೆಯಂಗಳದಲ್ಲೇ ಸಿಗುವ ಒಂದು ಪಾಠ. ಬೆಕ್ಕಿನಲ್ಲೂ ಮನುಷ್ಯರಂತೆ ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದು ಎಕ್ಸ್, ಒಂದು ವೈ. ಕೆಂಚು ಬಣ್ಣ ಕೊಡುವ ಗುಣ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡಿಗೆ ಇರುವುದೇ ಒಂದು ಎಕ್ಸ್. ಅದರಲ್ಲಿ ಕೆಂಚಿನ ಗುಣವಿದ್ದರೆ ಬೆಕ್ಕು ಕೆಂಚು, ಇಲ್ಲದಿದ್ದರೆ ಕಪ್ಪೋ ಕಂದೋ. ಹೆಣ್ಣಿಗೆ ಎರಡಿರುವುದರಿಂದ ಒಂದರಲ್ಲಿ ಕೆಂಚು, ಇನ್ನೊಂದರಲ್ಲಿ ಕಪ್ಪು ಇರಲು ಸಾಧ್ಯ. ಆದರೆ ಹೆಣ್ಣಿನ ಪ್ರತಿಯೊಂದು ಜೀವಕೋಶದಲ್ಲೂ ಕೆಲಸ ಮಾಡುವುದು ಎರಡರಲ್ಲಿ ಒಂದೇ ಎಕ್ಸ್. ಇನ್ನೊಂದು ಮುದುಡಿಕೊಂಡು ಸುಮ್ಮನಿರುತ್ತದೆ. ಯಾವುದು ಸುಮ್ಮನಾಗಬೇಕೆಂಬುದು ಭ್ರೂಣ ಇನ್ನೂ ಚಿಕ್ಕದಿರುವಾಗಲೇ ಕೋಶದಿಂದ ಕೋಶಕ್ಕೆ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಅದಕ್ಕೇ ಮೈಮೇಲೆ ಅಲ್ಲಿ ಕಪ್ಪು, ಇಲ್ಲಿ ಕೆಂಚು. ಬಿಳಿ ಬಣ್ಣದ ಲೆಕ್ಕವೇ ಬೇರೆ, ಅದಕ್ಕೆ ಬೇರೊಂದು ಜೀನ್ ಕಾರಣ.

ಈ ಮುದುಡಿದ ಎಕ್ಸ್ ಮೊದಲು ಕಣ್ಣಿಗೆ ಬಿದ್ದದ್ದೂ ಬೆಕ್ಕಿನಲ್ಲೇ. 1949ರಲ್ಲಿ ಕೆನಡಾದ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಈವರ್ಟ್ ಬರ್ಟ್ರಮ್ ಬೆಕ್ಕುಗಳ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಹೆಣ್ಣುಬೆಕ್ಕಿನ ಕೋಶಗಳಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆಯನ್ನು ಕಂಡರು. ಅದೇ ಪಠ್ಯಪುಸ್ತಕದ ‘ಬಾರ್ ಬಾಡಿ’. 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ಇಲಿಗಳ ಬಣ್ಣವನ್ನು ಅಭ್ಯಾಸ ಮಾಡಿ, ಒಂದು ಎಕ್ಸ್ ಸುಮ್ಮನಾಗುತ್ತದೆಂಬ ವಿವರಣೆ ಕೊಟ್ಟರು. ಕೆಂಚು ಬಣ್ಣದ ಜೀನ್ ಯಾವುದೆಂಬುದು ಮಾತ್ರ ಬಹಳ ಕಾಲ ಕೈಗೆ ಸಿಕ್ಕಿರಲಿಲ್ಲ. ಜಪಾನಿನ ಕ್ಯುಶು ವಿಶ್ವವಿದ್ಯಾಲಯ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎರಡು ತಂಡಗಳು ಬೇರೆಬೇರೆಯಾಗಿ ಹುಡುಕಿ ಅದನ್ನು 2025ರಲ್ಲಿ ಪ್ರಕಟಿಸಿದವು. ಎಕ್ಸ್ ವರ್ಣತಂತುವಿನ ಒಂದು ಜೀನಿನ ಬಳಿ ಸುಮಾರು ಐದು ಸಾವಿರ ಅಕ್ಷರಗಳಷ್ಟು ತುಣುಕು ಕಾಣೆಯಾಗಿರುವುದೇ ಕೆಂಚಿನ ಗುಟ್ಟು. ಮೂರು ಬಣ್ಣದ ಗಂಡುಬೆಕ್ಕು ಇಲ್ಲವೇ ಇಲ್ಲವೆಂದಲ್ಲ. ಎರಡು ಎಕ್ಸ್ ಜೊತೆ ಒಂದು ವೈ ಸೇರಿ ಅಪರೂಪಕ್ಕೆ ಹುಟ್ಟುತ್ತದೆ, ಸಾಮಾನ್ಯವಾಗಿ ಅದಕ್ಕೆ ಮರಿಯಾಗುವುದಿಲ್ಲ.

ಪೂರ್ತಿ ಕೆಂಚು ಬೆಕ್ಕುಗಳಲ್ಲಿ ಗಂಡೇ ಹೆಚ್ಚು ಕಾಣುವುದಕ್ಕೂ ಇದೇ ಕಾರಣ. ಗಂಡಿಗೆ ಒಂದು ಕಡೆಯಿಂದ ಕೆಂಚು ಬಂದರೆ ಸಾಕು, ಹೆಣ್ಣಿಗೆ ತಾಯಿ ತಂದೆ ಎರಡೂ ಕಡೆಯಿಂದ ಬರಬೇಕು.

ಗಂಡಿನ ಗುಣ, ಹೆಣ್ಣಿನ ಗುಣ

ಲಿಂಗ ತಿಳಿದಾದ ಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು? ಗಂಡಾದರೆ ರಗಳೆಯಿಲ್ಲ ಎಂಬ ನಂಬಿಕೆ ಮರಿ ಆರು ತಿಂಗಳು ದಾಟುವವರೆಗೆ ನಿಜ. ಆಮೇಲೆ ಅದು ಬಾವುಗವಾಗುತ್ತದೆ. ಹಳೆಯ ನಿಘಂಟುಗಳಲ್ಲಿ ಗಂಡುಬೆಕ್ಕಿಗೆ ಇರುವ ಹೆಸರು ಇದು. ಗಡಿಯಾಚೆಯ ಮರಾಠಿಯಲ್ಲಿ ‘ಬೋಕಾ’. ಬಾವುಗ ತನ್ನ ಸೀಮೆಯ ಗುರುತಿಗಾಗಿ ಗೋಡೆ, ಬಾಗಿಲು, ಜೋಳದ ಚೀಲ ಎನ್ನದೆ ಬಾಲ ನೆಟ್ಟಗೆ ಮಾಡಿ ಮೂತ್ರ ಚಿಮುಕಿಸುತ್ತದೆ. ಆ ವಾಸನೆ ಒಮ್ಮೆ ಹತ್ತಿದರೆ ತೊಳೆದಷ್ಟೂ ಹೋಗದು. ರಾತ್ರಿಯೆಲ್ಲ ಅಲೆಯುತ್ತದೆ, ಬೇರೆ ಗಂಡುಗಳೊಂದಿಗೆ ಕಾದಾಡುತ್ತದೆ, ಎರಡು ದಿನ ಕಾಣೆಯಾಗಿ ಮೂರನೆಯ ದಿನ ಕಿವಿ ಹರಿದುಕೊಂಡು, ಕೆನ್ನೆ ಬಾತುಕೊಂಡು ಬರುತ್ತದೆ. ಕಚ್ಚಾಟದ ಗಾಯ ಮೇಲೆ ಮುಚ್ಚಿ ಒಳಗೆ ಕೀವು ತುಂಬುವುದು ಸಾಮಾನ್ಯ. ಕೆಲವು ಒಂದು ದಿನ ಹೋದವು ಬರುವುದೇ ಇಲ್ಲ. ಇಲಿ ಹಿಡಿಯಲೆಂದು ತಂದ ಬೆಕ್ಕು ಊರು ಕಾಯಲು ಹೊರಟರೆ ಮನೆಯ ಇಲಿಗೆ ಹಬ್ಬ.

ಹೆಣ್ಣು ಮನೆ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಆದರೆ ಐದಾರು ತಿಂಗಳಿಗೇ, ಕೆಲವೊಮ್ಮೆ ನಾಲ್ಕಕ್ಕೇ, ಬೆದೆಗೆ ಬರುತ್ತದೆ. ರಾತ್ರಿ ಕೂಗು, ನೆಲದ ಮೇಲೆ ಹೊರಳಾಟ. ಹೊಟ್ಟೆನೋವೆಂದು ತಿಳಿದು ಓಮಿನ ನೀರು ಕುಡಿಸಲು ಹೋಗುವವರೂ ಇದ್ದಾರೆ. ಗಂಡು ಕೂಡದಿದ್ದರೆ ಎರಡು ಮೂರು ವಾರಕ್ಕೊಮ್ಮೆ ಮತ್ತೆ ಅದೇ ಕೂಗು. ಕೂಡಿದರೆ 63ರಿಂದ 65 ದಿನಕ್ಕೆ ಮರಿ. ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯಿರುವುದೂ ಉಂಟು. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು. ವರ್ಷಕ್ಕೆ ಎರಡೇ ಸೂಲು, ಸೂಲಿಗೆ ನಾಲ್ಕೇ ಮರಿ ಎಂದು ಹಿಡಿದರೂ ವರ್ಷಕ್ಕೆ ಎಂಟು. ಅವುಗಳಲ್ಲಿ ಅರ್ಧ ಹೆಣ್ಣಾದರೆ ಮರುವರ್ಷದ ಲೆಕ್ಕವನ್ನು ಏಳನೇ ಇಯತ್ತೆಯ ಹುಡುಗನೂ ಮಾಡಬಲ್ಲ. ಅಣ್ಣ ತಂಗಿ ಎಂಬ ಲೆಕ್ಕ ಬೆಕ್ಕಿಗಿಲ್ಲವಾದ್ದರಿಂದ ‘ಜೋಡಿ ಇರಲಿ’ ಎಂದು ಒಂದೇ ಸೂಲಿನ ಒಂದು ಗಂಡು, ಒಂದು ಹೆಣ್ಣು ತರುವವರು ಮೊದಲೇ ಯೋಚಿಸಬೇಕು.

ಪ್ರೀತಿಯ ವಿಷಯಕ್ಕೆ ಬಂದರೆ, ಗಂಡು ಮುದ್ದು ಮಾಡಿಸಿಕೊಳ್ಳುತ್ತದೆ, ಹೆಣ್ಣು ಬಿಗುಮಾನದ್ದು ಎನ್ನುವವರಿದ್ದಾರೆ. ಅದರ ತಿರುವುಮುರುವು ಹೇಳುವವರೂ ಅಷ್ಟೇ ಮಂದಿ. ಸ್ವಭಾವ ಕೂಡುವುದರಲ್ಲಿ ಲಿಂಗಕ್ಕಿಂತ ದೊಡ್ಡ ಪಾಲು ಬೇರೆಯದಕ್ಕಿದೆ. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈಯಲ್ಲಿ ದಿನಾ ಆಡಿದ ಮರಿ ಮುಂದೆ ಮನುಷ್ಯರಿಗೆ ಹೆದರುವುದಿಲ್ಲ. ಆ ವಾರಗಳಲ್ಲಿ ಬಣವೆಯ ಮರೆಯಲ್ಲೇ ಬೆಳೆದದ್ದು ಆಮೇಲೆ ಎಷ್ಟು ಹಾಲು ಹಾಕಿದರೂ ಎರಡು ಮಾರು ದೂರವೇ ನಿಲ್ಲುತ್ತದೆ. ಧೈರ್ಯದ ಸ್ವಭಾವ ತಂದೆಯಿಂದಲೂ ಬರುತ್ತದೆಂದು ಸಾಂಡ್ರಾ ಮೆಕ್ಯೂನ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಹಳ್ಳಿಯ ಬೆಕ್ಕಿನ ತಂದೆ ಯಾರೆಂದು ಕೇಳಿ ಪ್ರಯೋಜನವಿಲ್ಲ, ಅದು ಬೇರೆ ಮಾತು.

ಗಂಡು ಹೆಣ್ಣಿನ ನಡುವೆ ಕಂಡುಬಂದ ಒಂದು ವಿಚಿತ್ರ ವ್ಯತ್ಯಾಸ ಮಕ್ಕಳಿಗೆ ರುಚಿಸಬಹುದು. 2009ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ 42 ಬೆಕ್ಕುಗಳ ಮುಂದೆ ಬಾಯಿ ಕಿರಿದಾದ ಜಾಡಿಯಲ್ಲಿ ಮೀನು ಇಟ್ಟು, ಯಾವ ಮುಂಗಾಲು ಹಾಕುತ್ತವೆಂದು ನೋಡಿದರು. ಹೆಣ್ಣುಗಳು ಬಹುತೇಕ ಬಲಗಾಲನ್ನು, ಗಂಡುಗಳು ಬಹುತೇಕ ಎಡಗಾಲನ್ನು ಹಾಕಿದವು. ಒಂದು ತಂಬಿಗೆ, ಸ್ವಲ್ಪ ತಿನಿಸು ಇದ್ದರೆ ಯಾವ ಶಾಲೆಯ ಹುಡುಗರೂ ಇದನ್ನು ಮಾಡಿ ನೋಡಬಹುದು. ಒಂದೇ ಸಲಕ್ಕೆ ತೀರ್ಪು ಕೊಡದೆ ಹತ್ತಾರು ಸಲ ಬರೆದಿಟ್ಟುಕೊಳ್ಳಬೇಕು.

ಇನ್ನು ಮನೆಯವರಿಗೆ ಬೇಕಾದ ಮುಖ್ಯ ವಿಷಯ, ಇಲಿ. ಎರಡೂ ಹಿಡಿಯುತ್ತವೆ. ಮರಿಯುಳ್ಳ ತಾಯಿ ಹೆಚ್ಚು ಹಿಡಿಯುತ್ತದೆ, ಅರೆಜೀವದ ಇಲಿಯನ್ನು ತಂದು ಮರಿಗಳ ಮುಂದೆ ಬಿಟ್ಟು ಪಾಠ ಹೇಳುತ್ತದೆ. ತಾಯಿಯನ್ನು ನೋಡಿ ಕಲಿತ ಮರಿ ಬೇಗ ಬೇಟೆಗಾರನಾಗುತ್ತದೆ. ಆದ್ದರಿಂದ ‘ಗಂಡೋ ಹೆಣ್ಣೋ’ ಎಂದು ಕೇಳುವ ಮೊದಲು ‘ಯಾರ ಮನಿ ಬೆಕ್ಕಿನ ಮರಿ?’ ಎಂದು ಕೇಳುವ ಅಜ್ಜಿಯರ ಪ್ರಶ್ನೆ ಹೆಚ್ಚು ಜಾಣತನದ್ದು. ತಾಯಿಬೆಕ್ಕು ಇಲಿ ಹಿಡಿಯುವ ಮನೆಯಿಂದ, ಎಂಟು ವಾರ ತುಂಬಿದ ಮೇಲೆ ತಂದ ಮರಿಯೇ ಮರಿ. ಕಣ್ಣು ಬಿಟ್ಟ ಕೂಡಲೇ ಕಿತ್ತು ತಂದದ್ದಕ್ಕೆ ಪಾಠ ಹೇಳುವವರಿಲ್ಲ.

ಚೀಲ ಮತ್ತು ಬಂಗಾರದ ಬೆಕ್ಕು

ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು, ಅಷ್ಟು ದೊಡ್ಡ ಪಾಪ ಎಂಬ ಮಾತು ಹಿರಿಯರ ಬಾಯಲ್ಲಿದೆ. ಈ ಭಯದಿಂದ ಯಾರೂ ಬೆಕ್ಕಿಗೆ ಕೈಯಾರೆ ಕೇಡು ಮಾಡುವುದಿಲ್ಲ. ಬದಲಿಗೆ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ, ಬೈಕಿನ ಹಿಂದೆ ಇಟ್ಟುಕೊಂಡು, ದಾರಿ ಗುರುತು ಸಿಗಬಾರದೆಂದು ಬೇರೆ ಊರಿನ ಹಳ್ಳದ ದಂಡೆಗೋ ಸಂತೆಯ ಬಯಲಿಗೋ ಬಿಟ್ಟು ಬರುತ್ತಾರೆ. ನೀರಿಲ್ಲದ ಸೀಮೆಯ ಬೇಸಿಗೆಯಲ್ಲಿ ನಾಲ್ಕು ವಾರದ ಮರಿ ಅಲ್ಲಿ ಎಷ್ಟು ದಿನ ಬದುಕೀತು? ಕೊಂದ ಪಾಪ ತಮ್ಮದಲ್ಲ, ಬಿಸಿಲಿನದು ಎಂಬ ಸಮಾಧಾನ. ಚೀಲದಲ್ಲಿ ಹೋಗುವವುಗಳಲ್ಲಿ ಹೆಣ್ಣೇ ಹೆಚ್ಚು. ಗಂಡುಗಳನ್ನು ಯಾರಾದರೂ ಮೊದಲೇ ಆರಿಸಿಕೊಂಡಿರುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹೆಣ್ಣನ್ನು ಬೇಡವೆಂದು ಗಂಡನ್ನು ತಂದವರ ಮನೆಗೆ ಈ ಚೀಲದ ಸಂಬಂಧವಿಲ್ಲವೆಂದೂ ಹೇಳುವಂತಿಲ್ಲ. ಅವರ ಬಾವುಗ ರಾತ್ರಿ ಅಲೆದು ಬಂದದ್ದು ಎಲ್ಲಿಗೆ? ಎಂಟು ಮನೆ ಆಚೆಯ ಹೆಣ್ಣುಬೆಕ್ಕಿನ ಮರಿಗಳಲ್ಲಿ ಅದರ ಪಾಲೂ ಇದೆ.

ಗಂಡು, ಹೆಣ್ಣು ಎರಡರ ತೊಂದರೆಗೂ ಇರುವ ಉತ್ತರ ಒಂದೇ, ಸಂತಾನಹರಣ ಶಸ್ತ್ರಚಿಕಿತ್ಸೆ. ಐದು ತಿಂಗಳ ಹೊತ್ತಿಗೆ, ಹೆಣ್ಣಾದರೆ ಮೊದಲ ಬೆದೆಗೆ ಮುನ್ನ ಮಾಡಿಸುವುದು ಒಳ್ಳೆಯದು. ಗಂಡಿಗೆ ಬೀಜ ತೆಗೆಯುವ ಸಣ್ಣ ಕೆಲಸ, ಖರ್ಚೂ ಕಡಿಮೆ. ಹೆಣ್ಣಿಗೆ ಹೊಟ್ಟೆ ಕೊಯ್ದು ಮಾಡಬೇಕಾದ್ದರಿಂದ ಖರ್ಚು ಹೆಚ್ಚು, ಹತ್ತು ದಿನ ಗಾಯದ ಮೇಲೆ ಕಣ್ಣಿಡಬೇಕು. ಗಂಡು ಹೆಣ್ಣಿನ ನಡುವೆ ಕೊನೆಗೆ ಉಳಿಯುವ ನಿಜವಾದ ವ್ಯತ್ಯಾಸ ಇದೊಂದೇ ಎನ್ನಬಹುದು. ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಹೆಚ್ಚಿನವು ಅಲೆದಾಟ, ಕಾದಾಟ, ಮೂತ್ರ ಚಿಮುಕಿಸುವುದು ಮೂರನ್ನೂ ಬಿಡುತ್ತವೆ ಇಲ್ಲವೇ ಬಹಳ ಕಡಿಮೆ ಮಾಡುತ್ತವೆ. ಹೆಣ್ಣಿಗೆ ಕೂಗಿಲ್ಲ, ಮರಿಯಿಲ್ಲ. ಚಿಕ್ಕಂದಿನಲ್ಲೇ ಮಾಡಿಸಿದರೆ ಮೊಲೆಯ ಕ್ಯಾನ್ಸರಿನ ಭಯವೂ ಬಹಳ ಕಡಿಮೆ. ಇಲಿ ಹಿಡಿಯುವ ಚಟ ಎರಡರಲ್ಲೂ ಉಳಿಯುತ್ತದೆ. ‘ಒಂದು ಸಲವಾದರೂ ಮರಿ ಹಾಕಲಿ, ಪಾಪ’ ಎನ್ನುವ ಕನಿಕರಕ್ಕೆ ವೈದ್ಯಕೀಯ ಆಧಾರವಿಲ್ಲ.

ಹಳ್ಳಿಯ ಪಶು ಚಿಕಿತ್ಸಾಲಯಗಳಲ್ಲಿ ಎಮ್ಮೆ, ಎತ್ತು, ಆಡುಗಳದ್ದೇ ಸಾಲು. ಬೆಕ್ಕಿನ ಶಸ್ತ್ರಚಿಕಿತ್ಸೆ ಎಲ್ಲ ಕಡೆಯೂ ಆಗುವುದಿಲ್ಲ. ಹತ್ತಿರದ ಪಶುವೈದ್ಯರನ್ನು ಕೇಳಿದರೆ ವಿಜಯಪುರದಲ್ಲಿ ಎಲ್ಲಿ, ಯಾವ ದಿನ ಎಂದು ತಿಳಿಸುತ್ತಾರೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವುದನ್ನು ಆಗಲೇ ಮಾತಾಡಿಕೊಳ್ಳಬಹುದು. ಆ ರೋಗ ಬೆಕ್ಕಿನ ಕಡಿತದಿಂದಲೂ ಬರುತ್ತದೆ, ಮರಿ ಪರಚಿದರೂ ಕಚ್ಚಿದರೂ ಮಕ್ಕಳು ಮುಚ್ಚಿಡದೆ ಹೇಳಬೇಕು. ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಬೆಕ್ಕಿಗೆ ಜ್ವರ ಬಂದಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆ ಕೊಡಲೇಬಾರದು. ಮನುಷ್ಯರಿಗೆ ಔಷಧವಾದದ್ದು ಅದಕ್ಕೆ ವಿಷ, ಒಂದು ಗುಳಿಗೆಯೂ ಜೀವ ತೆಗೆದೀತು. ಬೆಕ್ಕು ತಂದ ಮೇಲೆ ಮನೆಯಲ್ಲಿ ಇಲಿಪಾಷಾಣ ಇಡುವುದನ್ನೂ ನಿಲ್ಲಿಸಬೇಕು.

ಊಟದ ಮಾತೂ ಇದೆ. ಹಾಲು ರೊಟ್ಟಿಯಷ್ಟರಲ್ಲೇ ಬೆಕ್ಕು ಬದುಕಲಾರದು, ಅದರ ದೇಹಕ್ಕೆ ಮಾಂಸ ಬೇಕೇ ಬೇಕು. ಅನೇಕ ಮರಿಗಳಿಗೆ ಆಕಳ ಹಾಲು ಹೊಟ್ಟೆ ಕೆಡಿಸುತ್ತದೆ. ಮಾಂಸ ಮುಟ್ಟದ ಮನೆಗಳಲ್ಲಿ ಉಳಿದದ್ದನ್ನು ಬೆಕ್ಕು ಇಲಿ, ಹಲ್ಲಿಗಳಿಂದ ತಾನೇ ಹೊಂದಿಸಿಕೊಳ್ಳುತ್ತದೆ. ಆ ವಿಷಯವನ್ನು ಮನೆಯವರೂ ಕೇಳುವುದಿಲ್ಲ, ಅದೂ ಹೇಳುವುದಿಲ್ಲ. ಹಳ್ಳಿಯಲ್ಲಿ ಈ ಒಪ್ಪಂದ ನಡೆಯುತ್ತದೆ. ವಿಜಯಪುರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಬೆಕ್ಕು ಸಾಕುವ ವಿದ್ಯಾರ್ಥಿಗಳು ಅದರ ಊಟವನ್ನು ತಾವೇ ಕೊಳ್ಳಬೇಕು.

ಹೀಗೆ ನೋಡಿದರೆ ಅಡುಗೆ ಮನೆಯಿಂದ ಬರಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ. ಐದು ತಿಂಗಳು ತುಂಬಿದ ದಿನ ಮರಿಯನ್ನು ಡಾಕ್ಟರ ಹತ್ತಿರ ಒಯ್ಯುವವರು ಯಾರು? ಅದಕ್ಕೆ ಉತ್ತರ ಸಿಗದ ಮನೆಗೆ ಗಂಡೂ ಬೇಡ, ಹೆಣ್ಣೂ ಬೇಡ. ಉತ್ತರ ಸಿಕ್ಕ ಮನೆಯಲ್ಲಿ ಹುಡುಗಿ ಚೀಲದಿಂದ ಯಾವ ಮರಿ ತೆಗೆದರೂ ನಡೆದೀತು. ಹೆಣ್ಣುಮರಿಗಳನ್ನು ಕೇಳುವವರು ಕಡಿಮೆಯಾದ್ದರಿಂದ ಆರಿಸಿಕೊಳ್ಳಲು ಅವೇ ಹೆಚ್ಚು ಸಿಗುತ್ತವೆ. ಗಟ್ಟಿಮುಟ್ಟಾದ, ಕಣ್ಣು ಮೂಗು ಸೋರದ, ಕರೆದರೆ ಎದುರು ಬರುವ ಮರಿಯನ್ನು ನಿಧಾನವಾಗಿ ನೋಡಿ ತರಬಹುದು.

ಒಯ್ಯುವುದು ಕಷ್ಟದ ಕೆಲಸವೇನಲ್ಲ. ಮುಚ್ಚಳವಿರುವ ಒಂದು ಬುಟ್ಟಿ, ಒಳಗೆ ಹಾಸಲು ಹಳೆಯ ಸೀರೆಯ ತುಂಡು. ಹಿಂದಿನ ರಾತ್ರಿಯಿಂದ ಊಟ ನಿಲ್ಲಿಸಬೇಕೋ ಬೇಡವೋ, ಎಷ್ಟು ಹೊತ್ತು ನಿಲ್ಲಿಸಬೇಕು ಎಂಬುದನ್ನು ಡಾಕ್ಟರನ್ನೇ ಕೇಳಿಕೊಂಡಿರಬೇಕು. ಬೀಜಕ್ಕೋ, ಔಷಧಕ್ಕೋ, ಬ್ಯಾಂಕಿಗೋ ಅಪ್ಪ ಹೇಗಿದ್ದರೂ ತಿಂಗಳಲ್ಲಿ ಎರಡು ಸಲ ವಿಜಯಪುರದ ಬಸ್ಸು ಹತ್ತುತ್ತಾನೆ. ಆ ಸಲ ಬುಟ್ಟಿ ಅವನ ತೊಡೆಯ ಮೇಲಿರಲಿ. ರವಿವಾರವಾದರೆ, ಡಾಕ್ಟರು ಸಿಗುವಂತಿದ್ದರೆ, ಮಗಳೂ ಜೊತೆಗೆ ಹೋಗಬಹುದು.